ನಂದಿಬಟ್ಟಲ ಮೇಲಿನ ನೀಲಿ ಕಣ್ಣಿನ ಹುಳ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಮನೆ ಮುಂದೆ ಅತ್ತೆ ನೆಟ್ಟ ನಂದಿಬಟ್ಟಲು ಗಿಡವಿದೆ. ಕಾವೇರಿ ಸಂಕ್ರಮಣದ ದಿನ ಬೆಳಿಗ್ಗೆ ಹೂವು ಕೊಯ್ಯಲು ಹೋದರೆ ಅರ್ಧ ಗಿಡ ಬೋಳು. ಬೆರಳು ದಪ್ಪದ ಹಸಿರು ಹುಳಗಳು, ತಲೆಯ ಹತ್ತಿರ ಎರಡು ನೀಲಿ ಕಣ್ಣು, ಹಿಂದೆ ಒಂದು ಕೊಂಬು. ಕೆಲಸದವರು ಇದು ವಿಷದ ಹುಳ, ಚುಚ್ಚುತ್ತೆ ಅಂತಾರೆ. ಮೈದುನ ಫೋನಿನಲ್ಲಿ ಹುಡುಕಿ, ಇದು ಆಫ್ರಿಕಾ ಕಡೆಯಿಂದ ಯುರೋಪಿಗೆ ವಲಸೆ ಹೋಗುವ ಪತಂಗದ ಮರಿ ಅಂದ. ಅಷ್ಟು ದೂರದಿಂದ ನಮ್ಮ ಅಂಗಳಕ್ಕೆ ಬಂತಾ? ಇವತ್ತು ನಂದಿಬಟ್ಟಲು, ನಾಳೆ ಕಾಫಿ, ಮೆಣಸಿಗೆ ಹತ್ತಿದರೆ? ಔಷಧಿ ಅಂಗಡಿಯವರು ಹೊಡೆಯಲು ಒಂದು ಬಾಟಲಿ ಕೊಟ್ಟಿದ್ದಾರೆ, ಇನ್ನೂ ತೆರೆದಿಲ್ಲ. ಮಗಳು ಒಂದು ಹುಳವನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟುಕೊಂಡಿದ್ದಾಳೆ. ಮೊನ್ನೆವರೆಗೆ ಹಸಿರಾಗಿದ್ದದ್ದು ನಿನ್ನೆಯಿಂದ ಕಂದು ಬಣ್ಣಕ್ಕೆ ತಿರುಗಿ, ಎಲೆ ಮುಟ್ಟದೆ ಬಾಟಲಿಯೊಳಗೆ ಗಿರಕಿ ಹೊಡೆಯುತ್ತಿದೆ. ಸಾಯುತ್ತಿದೆಯಾ?

ಉತ್ತರ: ಮೊದಲು ಮಗಳ ಹಾರ್ಲಿಕ್ಸ್ ಬಾಟಲಿಯ ವಿಷಯ ಮುಗಿಸೋಣ, ಅದು ಅರ್ಜೆಂಟು. ಹುಳ ಸಾಯುತ್ತಿಲ್ಲ. ಅದರ ಹೊಟ್ಟೆ ತುಂಬಿದೆ, ಈಗ ಕೋಶವಾಗಿ (ಪ್ಯೂಪಾ) ಮಲಗಲು ಜಾಗ ಹುಡುಕುತ್ತಿದೆ. ಗಿಡದ ಮೇಲೆಯೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೆಳಗಿಳಿದು ತರಗೆಲೆಯೊಳಗೆ ಸೇರಿಕೊಳ್ಳುತ್ತಿತ್ತು. ನೆಲದ ಮೇಲೆ ಹಸಿರು ಮೈ ಎದ್ದು ಕಾಣುತ್ತದೆ. ಅದಕ್ಕೇ ಇಳಿಯುವ ಮುಂಚೆ ಬೆನ್ನು ಕಂದಾಗುವುದು. ಬಾಟಲಿಯ ನುಣುಪು ಗಾಜಿನೊಳಗೆ ಅದಕ್ಕೆ ಏನೂ ಸಿಗುತ್ತಿಲ್ಲ, ಸುಮ್ನೆ ಸುತ್ತಿ ಸುತ್ತಿ ಸುಸ್ತಾಗುತ್ತದೆ. ಇವತ್ತು ಸಂಜೆಯೊಳಗೆ ಒಂದು ರಟ್ಟಿನ ಡಬ್ಬಿಗೆ ಎರಡು ಬೆರಳು ಎತ್ತರ ಮಣ್ಣು ಹಾಕಿ, ಮೇಲೆ ಒಣಗಿದ ಎಲೆ ತುಂಬಿ, ಅದರೊಳಗೆ ಬಿಡಲು ಮಗಳಿಗೆ ಹೇಳಿ. ಮಣ್ಣು ಒದ್ದೆ ಮುದ್ದೆ ಬೇಡ, ಕೈಗೆ ತಂಪು ಹತ್ತಿದರೆ ಸಾಕು. ಆಮೇಲೆ ಏನು ಮಾಡಬೇಕು ಅನ್ನೋದನ್ನು ಕೊನೆಗೆ ಹೇಳುತ್ತೇನೆ.

ಈಗ ಹುಳದ ಪರಿಚಯ. ಇಂಗ್ಲಿಷಿನಲ್ಲಿ ಇದನ್ನು ಓಲಿಯಾಂಡರ್ ಹಾಕ್ ಮಾತ್ ಅಂತಾರೆ. ಶಾಸ್ತ್ರದ ಹೆಸರು ಡ್ಯಾಫ್ನಿಸ್ ನೇರಿಯೈ. 1758ರಲ್ಲೇ ಲಿನೇಯಸ್ ಹೆಸರಿಟ್ಟಿದ್ದು. ನೇರಿಯಂ ಅಂದರೆ ಕಣಗಿಲೆ, ಹಾಗಾಗಿ ಹೆಸರಿನಲ್ಲೇ ಅದರ ಊಟದ ಗಿಡ ಇದೆ. ಕನ್ನಡದಲ್ಲಿ ಎಲ್ಲರ ಬಾಯಲ್ಲಿ ಇರುವ ಹೆಸರಿಲ್ಲ. ನಾನು ಕಣಗಿಲೆ ಪತಂಗ ಅನ್ನುತ್ತೇನೆ, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಇದರ ತಾಯಿಯನ್ನು ನೀವು ಖಂಡಿತ ನೋಡಿರುತ್ತೀರಿ. ಮಳೆ ಹೋದ ಮೇಲೆ ಜಗಲಿಯ ಲೈಟಿನ ಹತ್ತಿರ ಗೋಡೆಗೆ ಅಂಟಿಕೊಂಡ, ಅಂಗೈ ಅಗಲದ, ಮಿಲಿಟರಿ ಬಟ್ಟೆ ಹಾಕಿಕೊಂಡ ಹಾಗೆ ಕಾಣುವ ಪತಂಗ. ಕಡು ಹಸಿರು, ತಿಳಿ ಹಸಿರು, ನಡುವೆ ಬಿಳಿ ಮತ್ತು ನಸುಗೆಂಪಿನ ಅಲೆ. ರೆಕ್ಕೆ ಬಿಚ್ಚಿದರೆ 9ರಿಂದ 11 ಸೆಂಟಿಮೀಟರ್. ಕೊಡಗಿನ ಮನೆಗಳಿಗೆ ಆ ಬಟ್ಟೆ ಹೊಸದಲ್ಲ ಬಿಡಿ. ರಿಟೈರ್ ಆಗಿ ಬಂದ ನಮ್ಮ ಪಕ್ಕದ ಮನೆಯ ಸುಬೇದಾರರು ಒಂದು ರಾತ್ರಿ ಟಾರ್ಚ್ ಹಿಡಿದು ಇದನ್ನು ನೋಡಿ, "ಇವನಿಗೆ ಯಾವ ರೆಜಿಮೆಂಟು?" ಅಂತ ಕೇಳಿದ್ದರು.

ಒಂದು ಸಣ್ಣ ಎಚ್ಚರಿಕೆ. ಇದೇ ಥರದ ಇನ್ನೊಂದು ಪತಂಗ ನಮ್ಮ ಘಟ್ಟದಲ್ಲಿದೆ, ಹೆಸರು ಡ್ಯಾಫ್ನಿಸ್ ಹೈಪೋಥೌಸ್. ಅದು ಸ್ವಲ್ಪ ಕಪ್ಪು ಹಸಿರು, ಮುಂದಿನ ರೆಕ್ಕೆಯ ತುದಿಯಲ್ಲಿ ಸಣ್ಣ ಬಿಳಿ ಚುಕ್ಕೆ ಇರುತ್ತದೆ. ಫೋಟೋ ತೆಗೆದರೆ ತುದಿ ಕಾಣುವ ಹಾಗೆ ತೆಗೆಯಿರಿ.

ಚುಚ್ಚುತ್ತಾ? ಇಲ್ಲ. ಹಿಂದಿನ ಕೊಂಬು ಬರೀ ಮೆತ್ತನೆಯ ಮಾಂಸ. ಬೆರಳಿಂದ ಬಗ್ಗಿಸಿದರೆ ಬಗ್ಗುತ್ತದೆ. ಮೊಟ್ಟೆಯಿಂದ ಹೊರಬಂದ ಮೊದಲ ದಿನ ಈ ಹುಳ ಕೆಲವೇ ಮಿಲಿಮೀಟರ್ ಉದ್ದ, ತೆಳು ಹಳದಿ ಬಣ್ಣ, ಮೈಗೆ ಹೋಲಿಸಿದರೆ ಕೊಂಬೇ ದೊಡ್ಡದು, ಕಪ್ಪು ದಾರದ ಹಾಗೆ. ದೊಡ್ಡದಾಗುತ್ತಾ ಕೊಂಬು ಗಿಡ್ಡವಾಗಿ, ದಪ್ಪವಾಗಿ, ಕಿತ್ತಳೆ ಬಣ್ಣಕ್ಕೆ ಬಂದು ಕೆಳಗೆ ಬಾಗುತ್ತದೆ. ನಿಮ್ಮ ಕೆಲಸದವರು ಹೆದರಿದ್ದು ತಪ್ಪಲ್ಲ. ತೋಟದಲ್ಲಿ ಕಂಬಳಿ ಹುಳ ಮೈಗೆ ತಾಗಿ ತುರಿಕೆಯಲ್ಲಿ ಎರಡು ದಿನ ನಿದ್ದೆ ಕೆಟ್ಟವರಿಗೆ ಎಲ್ಲ ಹುಳವೂ ಒಂದೇ ಅನಿಸುತ್ತದೆ. ಕೂದಲು ಅಥವಾ ಮುಳ್ಳು ಇರುವ ಹುಳ ಮುಟ್ಟಬೇಡಿ, ಮೈ ನುಣುಪಾಗಿದ್ದು ಹಿಂದೆ ಒಂದೇ ಕೊಂಬಿದ್ದರೆ ಭಯ ಬೇಡ. ನಾನು ಮಕ್ಕಳಿಗೆ ಹೇಳಿಕೊಡುವುದು ಇಷ್ಟೇ.

ಆ ನೀಲಿ ಕಣ್ಣು ಕಣ್ಣೇ ಅಲ್ಲ. ನಿಜವಾದ ಕಣ್ಣುಗಳು ತಲೆಯ ಮೇಲೆ ಸಾಸಿವೆಗಿಂತ ಚಿಕ್ಕದಾಗಿವೆ. ಒಂದು ಪ್ರಯೋಗ ಮಾಡಿ. ಸುಮ್ಮನೆ ತಿನ್ನುತ್ತಿರುವ ಹುಳದ ಪಕ್ಕ ಕೂತು ನೋಡಿ, ನೀಲಿ ಗುರುತು ಅರ್ಧ ಮಡಿಕೆಯೊಳಗೆ ಇರುತ್ತದೆ. ಈಗ ಕಡ್ಡಿಯಿಂದ ಬೆನ್ನು ಮೆಲ್ಲಗೆ ಮುಟ್ಟಿ. ತಿನ್ನುವುದನ್ನು ನಿಲ್ಲಿಸುತ್ತದೆ. ತಲೆಯನ್ನು ಎದೆಯೊಳಗೆ ಎಳೆದುಕೊಳ್ಳುತ್ತದೆ. ಕತ್ತಿನ ಹತ್ತಿರದ ಮೈ ಉಬ್ಬುತ್ತದೆ, ಮಡಿಕೆ ಬಿಚ್ಚುತ್ತದೆ, ಬಿಳಿ ನಡುವಿನ ಎರಡು ನೀಲಿ ಬಟ್ಟಲು ಕಪ್ಪು ಅಂಚಿನೊಂದಿಗೆ ತೆರೆದುಕೊಳ್ಳುತ್ತವೆ. ಒಂದು ಕ್ಷಣ ಹಸಿರು ಹಾವೇ ಎಲೆ ನಡುವಿಂದ ನೋಡಿದ ಹಾಗಾಗುತ್ತದೆ. ಗೊತ್ತಿದ್ದೂ ನನ್ನ ಕೈ ಎಷ್ಟೋ ಸಲ ಹಿಂದೆ ಸರಿದಿದೆ.

ಇಂಥ ನಾಟಕ ಇದಕ್ಕೆ ಯಾಕೆ ಬೇಕು ಅನ್ನೋದು ನನಗೆ ಬಹಳ ಇಷ್ಟದ ವಿಷಯ. ಅದಕ್ಕೆ ಗಿಡಗಳ ಕಥೆಗೆ ಹೋಗಬೇಕು.

ನಿಮ್ಮ ನಂದಿಬಟ್ಟಲಿನ ಎಲೆ ಮುರಿದರೆ ಹಾಲು ಬರುತ್ತದೆ ಅಲ್ವಾ? ಕಣಗಿಲೆ, ನಿತ್ಯಪುಷ್ಪ, ದೇವಕಣಗಿಲೆ, ಕುಂಡದಲ್ಲಿ ಬೆಳೆಸುವ ಅಡೇನಿಯಂ, ಕಾಡಿನ ಏಳೆಲೆ ಹಾಲೆ ಮರ, ಎಕ್ಕ, ಇವೆಲ್ಲ ಒಂದೇ ಕುಟುಂಬದವು. ಕಣಗಿಲೆ ಪತಂಗ ಮೊಟ್ಟೆ ಇಡುವುದು ಹೆಚ್ಚಾಗಿ ಈ ಕುಟುಂಬದ ಗಿಡಗಳ ಮೇಲೆ. ಎಲ್ಲದರ ಮೇಲೂ ಅಲ್ಲ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ಹಾಲೆ ಮರ, ಅಡೇನಿಯಂ ಇದಕ್ಕೆ ಇಷ್ಟ. ಎಕ್ಕ ಬೇರೆಯವರ ಪಾಲು. ನಾನು ಕೊಡಗಿನಲ್ಲಿ ನೋಡಿದ ಮಟ್ಟಿಗೆ ಅಂಗಳದಲ್ಲಿ ಕಣಗಿಲೆ, ನಂದಿಬಟ್ಟಲು ಎರಡೂ ಇದ್ದರೆ ಮೊದಲು ಬೋಳಾಗುವುದು ನಂದಿಬಟ್ಟಲೇ. ಎಲೆ ಮೆತ್ತಗೆ, ಮಳೆ ಮುಗಿದ ಕೂಡಲೇ ಚಿಗುರು ಜಾಸ್ತಿ. ತಾಯಿ ಪತಂಗ ಮೊಟ್ಟೆ ಇಡುವುದೂ ಚಿಗುರೆಲೆಯ ಮೇಲೆ, ಒಂದೊಂದೇ, ಬಿಡಿಬಿಡಿಯಾಗಿ. ಸಾಸಿವೆ ಕಾಳಿನಷ್ಟು ದೊಡ್ಡ, ತಿಳಿ ಹಸಿರು, ದುಂಡನೆಯ ಮೊಟ್ಟೆ. ಅದಕ್ಕೇ ಹುಡುಕಿದರೂ ನಿಮಗೆ ಮೊಟ್ಟೆಯ ಗೊಂಚಲು ಎಲ್ಲೂ ಸಿಗುವುದಿಲ್ಲ.

ನಮ್ಮ ಊರುಗಳಲ್ಲಿ ಆಟಿ ಸೊಪ್ಪಿನ ಜೊತೆ ಹಾಲೆ ಮರವನ್ನು ಕಲಸಿಕೊಳ್ಳುವವರಿದ್ದಾರೆ, ಅದಕ್ಕೆ ಒಂದು ಮಾತು. ಕಕ್ಕಡ ತಿಂಗಳಲ್ಲಿ ನಾವು ಪಾಯಸ ಮಾಡುವ ಮದ್ದು ಸೊಪ್ಪು ಬೇರೆ ಗಿಡ. ಮಂಗಳೂರು ಕಡೆ ಆಟಿ ಅಮಾವಾಸ್ಯೆಗೆ ತೊಗಟೆ ಕಷಾಯ ಕುಡಿಯುತ್ತಾರಲ್ಲ, ಅದು ಹಾಲೆ ಮರ. ಈ ಹುಳ ತಿನ್ನುವುದು ಎರಡನೆಯದನ್ನು.

ಈಗ ವಿಷ. ಕಣಗಿಲೆಯಲ್ಲಿ ಓಲಿಯಾಂಡ್ರಿನ್ ಎಂಬ ವಸ್ತು ಇದೆ, ಅದು ನೇರವಾಗಿ ಹೃದಯಕ್ಕೆ ಹೊಡೆಯುತ್ತದೆ. ನಮ್ಮ ಜೀವಕೋಶಗಳಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸುವ ಪಂಪುಗಳಿವೆ. ನರ, ಹೃದಯ ಎರಡೂ ನಡೆಯುವುದು ಆ ಪಂಪಿನಿಂದ. ಓಲಿಯಾಂಡ್ರಿನ್ ಹೋಗಿ ಪಂಪಿನಲ್ಲಿ ಸಿಕ್ಕಿಕೊಂಡು ಅದನ್ನು ನಿಲ್ಲಿಸಿಬಿಡುತ್ತದೆ. ದನ ಕಣಗಿಲೆ ತಿಂದು ಸಾಯುವುದು ಇದರಿಂದಲೇ. ಬೇಲಿ ಸವರಿದಾಗ ಕಣಗಿಲೆ ಕೊಂಬೆಗಳನ್ನು ದನ ಮೇಯುವಲ್ಲಿ ಎಸೆಯಬೇಡಿ, ಒಣಗಿದರೂ ವಿಷ ಹೋಗುವುದಿಲ್ಲ. ನಿತ್ಯಪುಷ್ಪದ ವಿಷ ಬೇರೆ ಜಾತಿ. ಅದರಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಗಳನ್ನು ತೆಗೆಯುವುದು. ನಂದಿಬಟ್ಟಲಿನಲ್ಲಿ ಇನ್ನೂ ಬೇರೆ ಆಲ್ಕಲಾಯ್ಡ್‌ಗಳು. ಈ ಹುಳ ಮಾತ್ರ ಮೂರನ್ನೂ ಅಕ್ಕಿ ರೊಟ್ಟಿ ತಿಂದ ಹಾಗೆ ತಿಂದು ಬೆಳೆಯುತ್ತದೆ.

ಹೇಗೆ? ಅಮೆರಿಕದ ಮೊನಾರ್ಕ್ ಚಿಟ್ಟೆಯಲ್ಲಿ ಆ ಪಂಪಿನ ಆಕಾರವೇ ಸ್ವಲ್ಪ ಬದಲಾಗಿದೆ, ವಿಷ ಬಂದರೂ ಹಿಡಿತ ಸಿಗುವುದಿಲ್ಲ. ಕಣಗಿಲೆ ಪತಂಗವೂ ಹಾಗೇ ಇರಬೇಕು ಅಂತ ಬಹಳ ಜನ ಅಂದುಕೊಂಡಿದ್ದರು. ಪ್ರಯೋಗಾಲಯದಲ್ಲಿ ನೋಡಿದರೆ ಇದರ ಪಂಪು ಮಾಮೂಲಿ ಪಂಪು. ವಿಷ ನೇರ ತಾಗಿದರೆ ನಿಂತುಹೋಗುತ್ತದೆ. ಇದು ಬದುಕುವುದು ವಿಷವನ್ನು ಒಳಗೆ ಬಿಟ್ಟುಕೊಳ್ಳದೆ. ತಿಂದದ್ದು ಮೈಯಲ್ಲಿ ನಿಲ್ಲದೆ ಹೋಗುತ್ತದೆ, ನರಗಳ ಸುತ್ತಲಿನ ಪೊರೆ ಕಾವಲು ನಿಂತು ವಿಷವನ್ನು ಹೊರಗೆ ತಳ್ಳುತ್ತದೆ.

ಇದರಿಂದ ಒಂದು ದೊಡ್ಡ ವ್ಯತ್ಯಾಸ ಆಗುತ್ತದೆ. ಎಕ್ಕದ ಗಿಡ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆ ವಿಷವನ್ನು ಮೈಯಲ್ಲಿ ಕೂಡಿಡುತ್ತದೆ. ಅದರ ಹುಳ ನೋಡಿ, ಕಪ್ಪು, ಬಿಳಿ, ಹಳದಿ ಪಟ್ಟೆ ಹಾಕಿಕೊಂಡು ಎಲೆಯ ಮೇಲೆ ಬಹಿರಂಗವಾಗಿ ಕೂತಿರುತ್ತದೆ. ತಿಂದ ಹಕ್ಕಿಗೆ ವಾಂತಿ ಗ್ಯಾರಂಟಿ ಅಂತ ಅದಕ್ಕೆ ಧೈರ್ಯ. ನಮ್ಮ ಕಣಗಿಲೆ ಹುಳದ ಕಿಸೆಯಲ್ಲಿ ಏನೂ ಇಲ್ಲ. ಅದಕ್ಕೇ ಎಲೆಯ ಬಣ್ಣ, ಎಲೆಯ ನಡುನರದ ಹಾಗೆ ಮೈ ಉದ್ದಕ್ಕೂ ಬಿಳಿ ಗೆರೆ, ಹಗಲು ಎಲೆಯ ಅಡಿಯಲ್ಲಿ ಅಡಗುವುದು, ಸಿಕ್ಕಿಬಿದ್ದರೆ ಹಾವಿನ ಕಣ್ಣು ತೋರಿಸುವುದು. ಕೆಂಬೂತ ಇದಕ್ಕೆಲ್ಲ ಮೋಸ ಹೋಗುವುದಿಲ್ಲ. ನಮ್ಮ ಮನೆಯ ಬೇಲಿಗೆ ಒಂದು ಜೋಡಿ ಬರುತ್ತವೆ, ಕೊಂಬೆ ಕೊಂಬೆ ಜಾಲಾಡಿ ದಪ್ಪ ಹುಳವನ್ನೇ ಆರಿಸಿ, ನೆಲಕ್ಕೆ ಬಡಿದು ನುಂಗುತ್ತವೆ.

ಈಗ ನಿಮ್ಮ ಮೈದುನನ ಪ್ರಶ್ನೆ. ಅವರು ಓದಿದ್ದು ಸುಳ್ಳಲ್ಲ, ಆದರೆ ಅದು ಯುರೋಪಿನವರು ಬರೆದ ಕಥೆ.

ಈ ಪತಂಗದ ಖಾಯಂ ಮನೆ ಆಫ್ರಿಕಾ ಮತ್ತು ನಮ್ಮ ದಕ್ಷಿಣ ಏಷ್ಯಾ. ಯುರೋಪಿನ ದಕ್ಷಿಣ ತುದಿ, ಮೆಡಿಟರೇನಿಯನ್ ಸಮುದ್ರದ ದ್ವೀಪಗಳಲ್ಲೂ ಇರುತ್ತದೆ. ಅಲ್ಲಿ ಬೇಸಿಗೆ ಬಂದಾಗ ಹೊಸ ಪತಂಗಗಳು ಉತ್ತರಕ್ಕೆ ಹಾರುತ್ತವೆ. ಕೆಲವು ಆಲ್ಪ್ಸ್ ಪರ್ವತ ದಾಟುತ್ತವೆ, ಒಂದೆರಡು ಇಂಗ್ಲೆಂಡ್ ತನಕ ಹೋಗುತ್ತವೆ. ಅಲ್ಲಿ ಒಂದು ಕಂಡರೆ ಪತಂಗ ನೋಡುವವರಿಗೆ ಹಬ್ಬ. ಅಲ್ಲಿ ಕುಂಡದ ಕಣಗಿಲೆ ಸಿಕ್ಕರೆ ಮೊಟ್ಟೆಯೂ ಇಡುತ್ತವೆ. ಆದರೆ ಚಳಿಗಾಲದ ಹಿಮ ಬಿದ್ದಾಗ ಮಣ್ಣಿನ ಮೇಲಿರುವ ಕೋಶ ತಡೆದುಕೊಳ್ಳುವುದಿಲ್ಲ. ಮುಂದಿನ ವರ್ಷ ದಕ್ಷಿಣದಿಂದ ಮತ್ತೆ ಹೊಸ ತಂಡವೇ ಹೋಗಬೇಕು.

ವಲಸೆ ಅಂದ ಕೂಡಲೇ ನಮಗೆ ನೆನಪಾಗುವುದು ಹಕ್ಕಿಗಳು. ಚಳಿಗಾಲಕ್ಕೆ ಬರುತ್ತವೆ, ಬೇಸಿಗೆಗೆ ಅದೇ ಹಕ್ಕಿ ಹಿಂದೆ ಹೋಗುತ್ತದೆ. ಹೆಚ್ಚಿನ ಕೀಟಗಳಲ್ಲಿ ಹಾಗಿಲ್ಲ. ಹೊರಟದ್ದು ಅಜ್ಜಿ, ತಲುಪಿದ್ದು ಮೊಮ್ಮಗಳು ಅನ್ನುವುದೇ ಜಾಸ್ತಿ. ಕಣಗಿಲೆ ಪತಂಗದ ಉತ್ತರದ ಪ್ರಯಾಣವಂತೂ ಒಂದೇ ಕಡೆಯ ಟಿಕೆಟ್ಟು.

ಹಾಗಾದರೆ ನಿಮ್ಮ ಅಂಗಳದ್ದು? ಅದು ಊರಿನದೇ. ಮಡಿಕೇರಿಯಲ್ಲಿ ಎಷ್ಟೇ ಚಳಿ ಇದ್ದರೂ ಕೋಶವನ್ನು ಸಾಯಿಸುವ ಹಿಮ ಬೀಳುವುದಿಲ್ಲ. ನಂದಿಬಟ್ಟಲು, ಕಣಗಿಲೆ ವರ್ಷವಿಡೀ ಹಸಿರು. ಊಟವೂ ಇದೆ, ಬೆಚ್ಚಗೂ ಇದೆ, ಸಮುದ್ರ ದಾಟುವ ದರ್ದು ಏನು? ಕಾರವಾರದ ಕಡೆ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಎಂಬುವರು ಉತ್ತರ ಕನ್ನಡದ ಕಾಡಿನಲ್ಲಿ ಈ ಗುಂಪಿನ ಹುಳಗಳನ್ನು ಮನೆಯಲ್ಲೇ ಸಾಕಿ, ಯಾವುದು ಯಾವ ಗಿಡ ತಿನ್ನುತ್ತದೆ ಅಂತ ಬರೆದಿಟ್ಟರು. ಸ್ಕಾಟ್ ಎಂಬುವರ ಜೊತೆ ಅವರು ಮಾಡಿದ ಕೆಲಸ 1937ರಲ್ಲಿ ದೊಡ್ಡ ಸಂಪುಟವಾಗಿ ಬಂತು. ನಿಮ್ಮ ಮಗಳು ಬಾಟಲಿಯಲ್ಲಿ ಮಾಡುತ್ತಿರುವುದು ಅದೇ ಕೆಲಸ.

ಆದರೂ ಮೈದುನನಿಗೆ ಪೂರ್ತಿ ನಿರಾಸೆ ಬೇಡ. ಈ ಗುಂಪಿನ ಪತಂಗಗಳು ಹಾರುವುದರಲ್ಲಿ ಭಾರೀ ಗಟ್ಟಿಗರು. ಇದೇ ಕುಟುಂಬದಲ್ಲಿ ಬೆನ್ನ ಮೇಲೆ ತಲೆಬುರುಡೆಯ ಗುರುತಿರುವ ಪತಂಗವಿದೆ. ಅದರ ಯುರೋಪಿನ ಜಾತಿಯ 14 ಪತಂಗಗಳಿಗೆ ಜರ್ಮನಿಯಲ್ಲಿ ಸಂಶೋಧಕರು ಬಹಳ ಹಗುರದ ಪುಟ್ಟ ರೇಡಿಯೋ ಅಂಟಿಸಿ, ಸಣ್ಣ ವಿಮಾನದಲ್ಲಿ ಹಿಂದೆಯೇ ಹೋದರು. 2022ರಲ್ಲಿ ಇದು ಪ್ರಕಟವಾಯಿತು. ಎದುರು ಗಾಳಿ ಬಂದರೆ ನೆಲದ ಹತ್ತಿರ ಇಳಿದು, ಹಿಂದಿನಿಂದ ಬಂದರೆ ಮೇಲೇರಿ, ನೇರ ಗೆರೆ ಎಳೆದ ಹಾಗೆ ಆಲ್ಪ್ಸ್ ಕಡೆಗೆ ಹೋದವಂತೆ. ಒಂದನ್ನು ನಾಲ್ಕು ಗಂಟೆ, 80 ಕಿಲೋಮೀಟರಿಗಿಂತ ದೂರ ಹಿಂಬಾಲಿಸಿದರು. ಸುಂಟಿಕೊಪ್ಪದಿಂದ ಮೈಸೂರಿಗೆ ನೇರ ಗೆರೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ, ಒಂದೇ ರಾತ್ರಿಯಲ್ಲಿ. ಅದರ ನಮ್ಮ ಕಡೆಯ ಅಣ್ಣತಮ್ಮಂದಿರು ತುಡುವೆ ಜೇನಿನ ಪೆಟ್ಟಿಗೆಗೆ ನುಗ್ಗಿ ತುಪ್ಪ ಕದಿಯುತ್ತವೆ. ಹಿಡಿದರೆ ಇಲಿಮರಿಯ ಹಾಗೆ ಕಿಚಕಿಚ ಅನ್ನುತ್ತವೆ. ಜೇನು ಸಾಕುವವರನ್ನು ಕೇಳಿ ನೋಡಿ.

ಹಾರುವ ಶಕ್ತಿ ಎಷ್ಟೇ ಇರಲಿ, ಕಣಗಿಲೆ ಪತಂಗ ಹೋದಲ್ಲಿ ಸಂಸಾರ ಹೂಡಬೇಕಾದರೆ ಇಂಥ ಹಾಲಿನ ಗಿಡ ಸಿಗಬೇಕು. ಹಾಗಾಗಿ ಇದು ಎಲ್ಲಿಂದ ಬಂತು ಅನ್ನುವುದಕ್ಕಿಂತ ಯಾರು ಎಲ್ಲಿ ಯಾವ ಗಿಡ ನೆಟ್ಟರು ಅನ್ನುವುದನ್ನು ಕೇಳಬೇಕು. ಕಣಗಿಲೆಯನ್ನು ಜನ ಚಂದಕ್ಕೆ ಅಂತ ಜಗತ್ತಿನ ಬೆಚ್ಚಗಿನ ಊರುಗಳಿಗೆಲ್ಲ ಒಯ್ದಿದ್ದಾರೆ. ನಮ್ಮಲ್ಲೂ ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಕಣಗಿಲೆ ಸಾಲು ನೆಡುತ್ತಾರೆ. ದನ ಮೇಯುವುದಿಲ್ಲ, ನೀರು ಕಡಿಮೆ ಸಾಕು, ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯುವುದೂ ಕಡಿಮೆ. ಪತಂಗದ ಲೆಕ್ಕದಲ್ಲಿ ಅದು ದಾರಿಯುದ್ದಕ್ಕೂ ಕಟ್ಟಿಸಿದ ಅನ್ನಛತ್ರ.

ಇನ್ನು ನಿಜವಾಗಿ ವಲಸೆ ಹೋಗುವುದನ್ನೇ ಅಂಗಳದಲ್ಲಿ ನೋಡಬೇಕೆಂದರೆ ಕಣಗಿಲೆ ಗಿಡವನ್ನೇ ಇನ್ನೊಮ್ಮೆ ನೋಡಿ. ಕಂದು ಮೈಗೆ ಬಿಳಿ ಪಟ್ಟೆ, ಬೆನ್ನಿನಿಂದ ಕಪ್ಪು ಮೀಸೆಗಳ ಜೋಡಿಗಳು ಎದ್ದಿರುವ ಇನ್ನೊಂದು ಹುಳ ಸಿಗಬಹುದು. ಅದರ ಕೋಶ ಕನ್ನಡಿ ಹಾಗೆ ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಾ ಎಲೆಯಡಿ ನೇತಾಡುತ್ತದೆ. ಅದು ಕಾಮನ್ ಕ್ರೋ ಎಂಬ ಕಂದು ಚಿಟ್ಟೆ. ಮುಂಗಾರಿನ ಮುಂಚೆ ಈ ಚಿಟ್ಟೆಗಳೂ ಇವುಗಳ ಸಂಬಂಧಿ ನೀಲಿ ಹುಲಿ ಚಿಟ್ಟೆಗಳೂ ಘಟ್ಟ ಬಿಟ್ಟು ಪೂರ್ವದ ಬಯಲಿಗೆ ಸಾವಿರಗಟ್ಟಲೆ ಹೋಗುತ್ತವೆ, ಅಕ್ಟೋಬರ್ ನವೆಂಬರಿನಲ್ಲಿ ಅವುಗಳ ಮುಂದಿನ ಪೀಳಿಗೆ ಘಟ್ಟದ ಕಡೆ ಬರುತ್ತದೆ. ಮೇ ತಿಂಗಳಲ್ಲಿ ಕುಶಾಲನಗರದ ರಸ್ತೆಯಲ್ಲಿ ಚಿಟ್ಟೆಗಳು ಒಂದೇ ದಿಕ್ಕಿಗೆ ಹೋಗುವುದನ್ನು ನೀವು ನೋಡಿದ್ದರೆ ಅದು ಇದೇ. ಸಮುದ್ರ ದಾಟುವವರು ಬೇಕೆಂದರೆ ಈಗ ಗದ್ದೆ ಮೇಲೆ ಗುಂಪಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆಗಳನ್ನು (ಡ್ರ್ಯಾಗನ್‌ಫ್ಲೈ) ನೋಡಿ. ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ ಪ್ರತಿ ಅಕ್ಟೋಬರಿನಲ್ಲಿ ಅವು ದ್ವೀಪಕ್ಕೆ ಬಂದಿಳಿಯುವುದನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡು, ಇವು ಭಾರತದಿಂದ ಪೂರ್ವ ಆಫ್ರಿಕಾಕ್ಕೆ ಹೋಗುತ್ತಿವೆ ಅಂತ 2009ರಲ್ಲಿ ಹೇಳಿದರು. ಮೈದುನನಿಗೆ ಆಫ್ರಿಕಾ ಬೇಕಿತ್ತಲ್ಲ, ಇಲ್ಲಿದೆ.

ಕಾಫಿ, ಮೆಣಸಿನ ಭಯ. ಮೆಣಸಿಗೆ ಇದು ಹೋಗುವುದಿಲ್ಲ. ಕಾಫಿಗೂ ಇದು ಪೀಡೆಯಲ್ಲ. ನಿಮ್ಮ ಸಂಶಯ ಮಾತ್ರ ಪೂರ್ತಿ ದಡ್ಡತನವಲ್ಲ. ಕಾಫಿಯ ಕುಟುಂಬ ಮತ್ತು ನಂದಿಬಟ್ಟಲಿನ ಕುಟುಂಬ ದೂರದ ದಾಯಾದಿಗಳು. ಮೊದಲು ಹೇಳಿದ ಬಿಳಿ ಚುಕ್ಕೆಯ ಡ್ಯಾಫ್ನಿಸ್ ಕಾಫಿ ಕುಟುಂಬದ ಕಾಡು ಗಿಡಗಳನ್ನೂ ತಿನ್ನುತ್ತದೆ, ಹಾಲೆ ಮರವನ್ನೂ ತಿನ್ನುತ್ತದೆ. ಕಾಫಿ ಎಲೆ ತಿನ್ನುವ ಇನ್ನೊಂದು ಕೊಂಬಿನ ಹುಳವೂ ಇದೆ, ಸೆಫೊನೋಡಿಸ್ ಹೈಲಾಸ್ ಅಂತ. ಅದರ ಪತಂಗ ಹಗಲಲ್ಲೇ ಹಾರುತ್ತದೆ, ರೆಕ್ಕೆ ಗಾಜಿನ ಹಾಗೆ ಪಾರದರ್ಶಕ, ದೊಡ್ಡ ದುಂಬಿ ಅಂದುಕೊಳ್ಳಬೇಕು. ಅದೂ ತೋಟ ಹಾಳು ಮಾಡುವಂಥದ್ದಲ್ಲ, ಅಲ್ಲೊಂದು ಇಲ್ಲೊಂದು ಗಿಡದ ಎಲೆ ಹೋದೀತು. ನಿಮ್ಮ ದುಡ್ಡು, ನಿಮ್ಮ ನಿದ್ದೆ ಎರಡನ್ನೂ ಬಿಳಿ ಕಾಂಡಕೊರಕಕ್ಕೂ ಕಾಯಿಕೊರಕಕ್ಕೂ ಇಟ್ಟುಕೊಳ್ಳಿ.

ವಲಸೆ ಬಂದು ಬೆಳೆ ತಿನ್ನುವ ಪತಂಗ ಇಲ್ಲವೇ ಅಂದರೆ, ಇದೆ. ಶನಿವಾರಸಂತೆ, ಕುಶಾಲನಗರ ಕಡೆ ಮುಸುಕಿನ ಜೋಳ ಹಾಕುವವರಿಗೆ ಅದರ ಪರಿಚಯ ಚೆನ್ನಾಗಿದೆ. ಫಾಲ್ ಸೈನಿಕ ಹುಳು. ಅಮೆರಿಕದ್ದು, 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು, 2018ರಲ್ಲಿ ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮ ಕರ್ನಾಟಕದಲ್ಲೇ. ಅದು ತಿನ್ನಬಲ್ಲ ಗಿಡಗಳ ಪಟ್ಟಿ 350 ದಾಟುತ್ತದೆ. ಹಾಲಿನ ಗಿಡಗಳಿಗೇ ಅಂಟಿಕೊಂಡಿರುವ ನಮ್ಮ ಹುಳಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಆ ಔಷಧಿ ಬಾಟಲಿಯನ್ನು ತೆರೆಯದೇ ವಾಪಸ್ ಕೊಡಿ. ಮನೆ ಬಾಗಿಲಲ್ಲಿ, ದೇವರಿಗೆ ಹೂವು ಕೊಯ್ಯುವ ಗಿಡಕ್ಕೆ, ಮಕ್ಕಳು ಓಡಾಡುವ ಅಂಗಳದಲ್ಲಿ ಹತ್ತಿಪ್ಪತ್ತು ಹುಳಕ್ಕಾಗಿ ವಿಷ ಹೊಡೆಯುವುದು ಯಾವ ಲೆಕ್ಕಕ್ಕೂ ಸರಿಯಲ್ಲ. ಹೂವಿಗೆ ಬರುವ ಜೇನಿಗೂ ಅದೇ ವಿಷ. ನಂದಿಬಟ್ಟಲು ಗಟ್ಟಿ ಗಿಡ. ಪೂರ್ತಿ ಬೋಳಾದರೂ ಒಂದೆರಡು ತಿಂಗಳಲ್ಲಿ ಚಿಗುರಿ ನಿಲ್ಲುತ್ತದೆ, ಹುತ್ತರಿ ಕಳೆಯುವ ಹೊತ್ತಿಗೆ ಅತ್ತೆಗೆ ಹೂವು ಸಿಗುತ್ತದೆ. ಅಲ್ಲಿಯ ತನಕ ಅವರ ಬೈಗುಳ ನಿಮ್ಮ ಪಾಲು, ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಹುಳ ಕಡಿಮೆ ಮಾಡಲೇಬೇಕೆಂದರೆ ಕೈಯಲ್ಲೇ ಆರಿಸಿ. ಹುಳ ಹುಡುಕಲು ಮೇಲೆ ನೋಡಬೇಡಿ, ಕೆಳಗೆ ನೋಡಿ. ನೆಲದ ಮೇಲೆ ಕರಿಮೆಣಸಿನ ಕಾಳಿನಷ್ಟು ದೊಡ್ಡ, ಗೀರುಗಳಿರುವ ಹಿಕ್ಕೆ ಬಿದ್ದಿರುತ್ತದೆ. ಅದು ಹಸಿಯಾಗಿದ್ದರೆ ನೇರ ಮೇಲೆ ಹುಳ ಇದೆ. ತೋಟದಂಚಿನಲ್ಲಿ ಹಾಲೆ ಮರವೋ ಕಾಡು ನಂದಿಬಟ್ಟಲೋ ಇದ್ದರೆ ಅಲ್ಲಿಗೆ ಒಯ್ದು ಬಿಡಿ. ಹುಳ ಕೂತ ರೆಂಬೆಯನ್ನೇ ಕತ್ತರಿಸಿ ಒಯ್ಯಿರಿ, ಎಳೆದು ಕಿತ್ತರೆ ಕಾಲು ಹರಿಯುತ್ತದೆ, ಅಷ್ಟು ಬಿಗಿ ಹಿಡಿತ. ಹಾಲು ಕಣ್ಣಿಗೆ ಹೋಗದ ಹಾಗೆ ನೋಡಿಕೊಳ್ಳಿ, ಆಮೇಲೆ ಕೈ ಸೋಪು ಹಾಕಿ ತೊಳೆಯಿರಿ. ಕುಂಡದ ಸಣ್ಣ ಅಡೇನಿಯಂ, ನಿತ್ಯಪುಷ್ಪ ಇದ್ದರೆ ಮಾತ್ರ ಬೇಗ ಆರಿಸಿ. ಒಂದು ಹುಳ ಒಂದೆರಡು ದಿನದಲ್ಲಿ ಅಂಥ ಗಿಡವನ್ನು ಕಡ್ಡಿ ಮಾಡುತ್ತದೆ.

ಕೆಲವನ್ನಾದರೂ ಉಳಿಸಿ ಅನ್ನುವುದಕ್ಕೆ ಇನ್ನೊಂದು ಕಾರಣ ನಿಮ್ಮ ಹಿತ್ತಲಿನಲ್ಲೇ ಇದೆ. ಪಪ್ಪಾಯಿ ಗಿಡ ಇದೆಯಾ? ಪಪ್ಪಾಯಿಯ ಬಿಳಿ ಹೂವು ಸಂಜೆ ಘಮ್ಮೆನ್ನುತ್ತದೆ. ಗಂಡು ಗಿಡದ ಪರಾಗವನ್ನು ಹೆಣ್ಣು ಗಿಡಕ್ಕೆ ಮುಟ್ಟಿಸುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಈ ಕುಟುಂಬದ ಪತಂಗಗಳೇ. ಕತ್ತಲಾಗುವ ಹೊತ್ತಿಗೆ ಹೋಗಿ ನಿಂತರೆ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದ ಸೊಂಡಿಲು ಚಾಚುವುದು ಕಾಣುತ್ತದೆ. ಜಗಲಿಯ ಬಿಳಿ ಎಲ್ಇಡಿ ಬಲ್ಬು ರಾತ್ರಿಯಿಡೀ ಉರಿದರೆ ಇವು ಅಲ್ಲೇ ಸಿಕ್ಕಿಬೀಳುತ್ತವೆ, ಬೆಳಿಗ್ಗೆ ಮಡಿವಾಳ ಹಕ್ಕಿಯ ತಿಂಡಿಯಾಗುತ್ತವೆ. ಹಳದಿ ಬಲ್ಬು ಹಾಕಿ, ಮಲಗುವಾಗ ಆರಿಸಿ.

ಈಗ ಮಗಳ ಡಬ್ಬಿಗೆ ಬರೋಣ. ಹುಳ ತರಗೆಲೆಯನ್ನು ಹಳದಿ ನೂಲಿನಿಂದ ಸಡಿಲವಾಗಿ ಹೆಣೆದುಕೊಂಡು ಒಳಗೆ ಮಲಗುತ್ತದೆ. ಎರಡು ಮೂರು ದಿನ ಕುಗ್ಗಿ, ಸುಕ್ಕಾಗಿ, ನಿಜಕ್ಕೂ ಸತ್ತ ಹಾಗೆ ಕಾಣುತ್ತದೆ. ಆಗ ಬಿಚ್ಚಿ ನೋಡಬಾರದು. ಆಮೇಲೆ ಚರ್ಮ ಕಳಚಿ ಕೋಶವಾಗುತ್ತದೆ. ಆರೇಳು ಸೆಂಟಿಮೀಟರ್ ಉದ್ದ, ತಿಳಿ ಕಂದು, ಪಕ್ಕಕ್ಕೆ ಸಾಲಾಗಿ ಕಪ್ಪು ಚುಕ್ಕೆ. ಬೆರಳು ತಾಗಿಸಿದರೆ ಬಾಲ ಅಲ್ಲಾಡಿಸುತ್ತದೆ. ಈಗಿನ ಹವೆಯಲ್ಲಿ ಎರಡರಿಂದ ಮೂರು ವಾರ ಹಿಡಿಯಬಹುದು, ಚಳಿ ಜಾಸ್ತಿಯಾದರೆ ಇನ್ನೂ ಸ್ವಲ್ಪ. ಎರಡು ದಿನಕ್ಕೊಮ್ಮೆ ಎಲೆಗೆ ನೀರು ಚಿಮುಕಿಸಿದರೆ ಸಾಕು. ಇರುವೆ ಹತ್ತದಂತೆ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಅದರ ಕಾಲಿಗೆ ನೀರಿನ ತಟ್ಟೆ ಇಡಿ. ಒಂದು ವೇಳೆ ಪತಂಗದ ಬದಲು ದಪ್ಪ ನೊಣಗಳು ಹೊರಬಂದರೆ ಮಗಳು ಅಳಬಹುದು. ಹುಳದ ಮೇಲೆ ಮೊಟ್ಟೆ ಇಟ್ಟು ಒಳಗಿನಿಂದ ತಿನ್ನುವ ನೊಣಗಳವು. ನನಗೂ ಮೊದಲ ಸಲ ಆಗಿದ್ದು ಹಾಗೇ, ನಾಲ್ಕರಲ್ಲಿ ಮೂರು ಡಬ್ಬಿ ನೊಣ.

ಡಬ್ಬಿಯೊಳಗೆ ಒಂದು ಒರಟು ಕಡ್ಡಿಯನ್ನು ಓರೆಯಾಗಿ ನಿಲ್ಲಿಸುವುದನ್ನು ಮರೆಯಬೇಡಿ. ಹೊರಬಂದ ಪತಂಗದ ರೆಕ್ಕೆ ಒದ್ದೆ ಬಟ್ಟೆಯ ಮುದ್ದೆಯ ಹಾಗಿರುತ್ತದೆ. ಹತ್ತಿ ನೇತುಬೀಳಲು ಜಾಗ ಸಿಗದಿದ್ದರೆ ಆ ರೆಕ್ಕೆ ಹಾಗೇ ಸೊಟ್ಟಗೆ ಒಣಗಿಬಿಡುತ್ತದೆ. ಒಣಗಿದ ಮೇಲೆ ಸಂಜೆ, ಹಕ್ಕಿಗಳೆಲ್ಲ ಗೂಡು ಸೇರಿದ ನಂತರ, ಡಬ್ಬಿಯನ್ನು ಹೊರಗೆ ತಂದು ಮುಚ್ಚಳ ತೆಗೆಯಿರಿ. ತಕ್ಷಣ ಹಾರುವುದಿಲ್ಲ. ಕೂತಲ್ಲೇ ರೆಕ್ಕೆ ಗಡಗಡ ನಡುಗಿಸಲು ಶುರು ಮಾಡುತ್ತದೆ, ಚಳಿ ಇದ್ದರೆ ನಿಮಿಷಗಟ್ಟಲೆ. ಹೆದರಿದೆ, ಹುಷಾರಿಲ್ಲ ಅಂತ ಮಗಳು ಮತ್ತೆ ಒಳಗೆ ತೆಗೆದುಕೊಂಡು ಹೋಗದಿರಲಿ. ಎದೆಯ ಸ್ನಾಯು ಸಾಕಷ್ಟು ಬಿಸಿಯಾಗದೆ ಅಷ್ಟು ಭಾರದ ಮೈ ಮೇಲೇಳುವುದಿಲ್ಲ, ಚಳಿಗಾಲದ ಬೆಳಿಗ್ಗೆ ನಿಮ್ಮ ಜೀಪು ಸ್ಟಾರ್ಟ್ ಮಾಡಿ ಬಿಟ್ಟ ಹಾಗೆ. ಟಾರ್ಚ್ ಆರಿಸಿ, ಸ್ವಲ್ಪ ಹಿಂದೆ ನಿಂತು ಕಾಯಿರಿ.